ಹುಲ್ಲಿನಡಿಯ ಕಣ

ವಾಸನೆ ಇವತ್ತು ಮೊದಲು ಸಿಕ್ಕಿದ್ದು ಕಾಫಿಯಲ್ಲಿ. ಅನಂತರಾಜು ಲೋಟವನ್ನು ತುಟಿಯ ತನಕ ತಂದವನು ಹಾಗೇ ನಿಂತ. ಕಾಫಿಯಲ್ಲಿರಲಾರದು, ಲೋಟದಲ್ಲಿರಬೇಕು. ಲೋಟದಲ್ಲೂ ಅಲ್ಲ, ಕೈಯಲ್ಲಿ. ಬಲಗೈ ಮೂಸಿದ, ಎಡಗೈ ಮೂಸಿದ. ನಿಂಬೆ ಸೋಪಿನ ಹಿಂದೆ ಅದು ಅಡಗಿ ಕೂತಿತ್ತು. ಹಳಸಿದ ಉಚ್ಚೆ, ನಿಂತು ಕೊಳೆತ ನೀರು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಎಲ್ಲ ಸೇರಿ ಗಂಟಲಿನ ಹಿಂಭಾಗದಲ್ಲಿ ಜಿಡ್ಡಿನ ಹಾಗೆ ಅಂಟಿಕೊಳ್ಳುವ ನಾತ. ಮಳೆಗಾಲ ಶುರುವಾದಂದಿನಿಂದ ಈ ಮನೆಯಲ್ಲಿ ಮೂಸದೆ ಯಾರೂ ಏನನ್ನೂ ಬಾಯಿಗಿಡುವುದಿಲ್ಲ. ಅನ್ನ ಮೂಸುತ್ತಾರೆ, ಒಗೆದು ಮಡಿಸಿದ ಬಟ್ಟೆ ಮೂಸುತ್ತಾರೆ, ಬಾಗಿಲಲ್ಲಿ ಎದುರಾದರೆ ಗೊತ್ತಾಗದ ಹಾಗೆ ಒಬ್ಬರನ್ನೊಬ್ಬರು ಮೂಸುತ್ತಾರೆ. ಕಾಫಿಯನ್ನು ಸಿಂಕಿಗೆ ಚೆಲ್ಲಿ ಅವನು ಕಿಟಕಿಯಾಚೆ ನೋಡಿದ. ಅಂಗಳ ತನಗೇನೂ ಸಂಬಂಧವಿಲ್ಲವೆಂಬಂತೆ ಹಸಿರಾಗಿ ಬಿದ್ದುಕೊಂಡಿತ್ತು. ಎಂಥಾ ಹಸಿರು! ಬೆಳೆಯದ, ಬಾಡದ, ಬೀದಿ ಹಸುವೂ ಒಮ್ಮೆ ಬಾಯಿ ಹಾಕಿ ಉಗಿದುಹೋದ ಹಸಿರು. ಅದರ ಅಂಚಿನ ಜಗಲಿಯ ಮೇಲೆ ಅಪ್ಪ ಮುನಿಶಾಮಪ್ಪ ಇಸ್ತ್ರಿಯ ಬಿಳಿ ಶರಟು ತೊಟ್ಟು, ಹೊಸ ಚಪ್ಪಲಿ ಮೆಟ್ಟಿ, ಪಕ್ಕದಲ್ಲೊಂದು ನೀಲಿ ಬ್ಯಾಗು ಇಟ್ಟುಕೊಂಡು ಕೂತಿದ್ದ.

ಈ ಹೊತ್ತು ಎರಡು ಕೆಲಸ ಆಗಬೇಕಿತ್ತು. ಹುಲ್ಲು ಹಾಸಿದ ಮುಜಫ್ಫರ್ ಬಂದು ಅದನ್ನು ಎತ್ತಿ ಅಡಿಯಲ್ಲಿ ಔಷಧಿ ಹೊಡೆಯಬೇಕು. ಯಲಹಂಕದಾಚೆ ಮುದುಕರನ್ನು ನೋಡಿಕೊಳ್ಳುವ ಜಾಗವೊಂದಿದೆಯಲ್ಲ, ಅಲ್ಲಿಂದ ಕಾರು ಬಂದು ಅಪ್ಪನನ್ನು ಕರೆದುಕೊಂಡು ಹೋಗಬೇಕು. ನಾತದ ಬುಡ ಕಿತ್ತರೆ ನಾತ ಹೋಗುತ್ತದೆ ಎಂದು ಹೆಂಡತಿ ಪದ್ಮಶ್ರೀ ತೀರ್ಮಾನಿಸಿದ್ದಳು. ಬುಡ ಅಂದರೆ ಅಪ್ಪ. ಅವಳು ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟು ಕೆಟ್ಟವಳಲ್ಲ. 'ಅಲ್ಲಾದ್ರೆ ಚೆನ್ನಾಗ್ ನೋಡ್ಕೋತಾರೆ, ಡಾಕ್ಟ್ರೂ ಇರ್ತಾರೆ' ಎಂದಿದ್ದಳು. ಅನಂತರಾಜು ಹೂಂ ಎಂದಿದ್ದ. ಹೂಂ ಅನ್ನುವಾಗ ಅವನಿಗೆ ಗೊತ್ತಿತ್ತು, ನಾತದ ಬುಡ ಅಪ್ಪನಲ್ಲ, ತಾನು. ವಿದ್ಯಾರಣ್ಯಪುರದ ಪಕ್ಕದ ಅವನ ಊರು ಸಿಂಗಾಪುರದಲ್ಲೆಲ್ಲ ಇದು ಗೊತ್ತಿದ್ದವನು ಅವನೊಬ್ಬನೇ. ಗೊತ್ತಿದ್ದೂ ಹೂಂ ಅಂದ ತನ್ನ ಬಾಯಿಯ ಬಗ್ಗೆ ಅವನಿಗೆ ಅಸಹ್ಯವಾಯಿತು. ಬಾಯಿ ಮುಕ್ಕಳಿಸಿ ಉಗಿದ.

ಪ್ಲಾಸ್ಟಿಕ್ ಹುಲ್ಲು ಪದ್ಮಶ್ರೀಯ ಆಸೆ. ಕೆರೆಯಂಚಿನ ಜೇಡಿಮಣ್ಣಿನ ಅಂಗಳ. ನಾಲ್ಕು ಹನಿ ಬಿದ್ದರೆ ಚಪ್ಪಲಿಯ ಅಡಿಗೆ ಇಟ್ಟಿಗೆಯಷ್ಟು ಮಣ್ಣು ಮೆತ್ತಿಕೊಂಡು ಮನೆಯೊಳಗೆ ಬರುತ್ತಿತ್ತು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ವಿದ್ಯಾರಣ್ಯಪುರದ ಅವಳ ಗೆಳತಿಯರೆಲ್ಲ ಹುಲ್ಲು ಹಾಸಿಸಿ ಅದರ ಮೇಲೆ ಬಿಳಿ ಕುರ್ಚಿ ಹಾಕಿ ಫೋಟೋ ತೆಗೆಸಿಕೊಂಡಿದ್ದರು. ಆರ್.ಟಿ. ನಗರದ ಮುಜಫ್ಫರ್ ತುಂಡು ಹುಲ್ಲುಗಳ ಸ್ಯಾಂಪಲ್ಲನ್ನು ಸೀರೆ ಬಿಡಿಸಿದಂತೆ ಬಿಡಿಸಿ ತೋರಿಸಿದ. ಆಮೇಲೆ ಸ್ಕ್ರೂಡ್ರೈವರಿನಿಂದ ನೆಲ ಕೆದಕಿ, 'ಸಾರ್, ಇದು ನೀರ್ ಕುಡಿಯಲ್ಲ. ಅರ್ಧ ಅಡಿ ಮಣ್ ತೆಗ್ದು ಆಚೆ ಹಾಕಿ ಜಲ್ಲಿ ತುಂಬ್ಬೇಕು, ಪೈಪ್ ಬಿಡ್ಬೇಕು. ಇಲ್ದಿದ್ರೆ ಕೆಳ್ಗೆ ನೀರ್ ನಿಂತ್ಬಿಡುತ್ತೆ' ಎಂದ. ಆಚೆ ಹಾಕಿ ಎಂದ ರೀತಿ ಅನಂತರಾಜುವಿಗೆ ಚುಚ್ಚಿತು. ಜಮೀನು ಸೈಟುಗಳಾಗಿ, ಸೈಟು ಬಾಡಿಗೆ ಮನೆಗಳಾಗಿ, ಮಿಕ್ಕಿದ್ದು ಈ ಅಂಗಳ. ಇದನ್ನೂ ಟ್ರ್ಯಾಕ್ಟರಿಗೆ ತುಂಬಿ ಎಲ್ಲೋ ಸುರಿದು ಬರುವುದೇ? 'ನಮ್ ಮಣ್ಣಿನ ವಿಷ್ಯ ನಂಗ್ ಹೇಳ್ಕೊಡ್ತೀಯೇನಯ್ಯಾ? ನೆಲ ನಾನ್ ರೆಡಿ ಮಾಡ್ತೀನಿ, ನೀನ್ ಬಂದು ಹಾಸು' ಎಂದ. ಮುಜಫ್ಫರನಿಗೆ ಆ ವಾರ ಹೆಬ್ಬಾಳದಲ್ಲಿ ದೊಡ್ಡ ಟೆರೇಸಿನ ಕೆಲಸವಿತ್ತು. ವಾದ ಮಾಡಲು ಪುರುಸೊತ್ತಿರಲಿಲ್ಲ. 'ನಿಮ್ಮಿಷ್ಟ ಸಾರ್, ಲೆವೆಲ್ ಇದ್ರೆ ಸಾಕು' ಎಂದು ಗಾಡಿ ಹತ್ತಿದ.

ಲೆವೆಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವನ ಕೈಗೆ ನೆನಪಾದದ್ದು ಕಣ. ರಾಗಿ ತೆನೆ ಬಡಿಯುವ ಕಣ. ಅದು ಬಿಟ್ಟರೆ ನೆಲವನ್ನು ಸಪಾಟು ಮಾಡುವ ಬೇರೆ ದಾರಿ ಅವನ ವಂಶಕ್ಕೆ ಗೊತ್ತಿರಲಿಲ್ಲ. ಪದ್ಮಶ್ರೀ ಮಹಿಳಾ ಸಂಘದವರ ಜೊತೆ ಕಾಶಿಗೆ ಹೋಗಿದ್ದಳು. ಅಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಅಮೃತಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದ. ಕೇಳುವವರು ಯಾರೂ ಇಲ್ಲದ ಆ ದಿನಗಳಲ್ಲಿ ಅವನು ಪಂಚೆ ಎತ್ತಿಕಟ್ಟಿ ಅಂಗಳಕ್ಕಿಳಿದ. ಮೂಲೆಯ ಹೊಂಗೆಮರ ಕಡಿಸಿದ. ಅಗೆದ, ನೀರು ಕಟ್ಟಿದ, ತುಳಿದ. ಗೇಟಿನ ಬಳಿ ಕೂರುವ ಕಲ್ಲಾಗಿ ಬಿದ್ದಿದ್ದ ಹಳೆಯ ರೋಣಗಲ್ಲಿಗೆ ಹಗ್ಗ ಬಿಗಿದು ತಾನೇ ಎತ್ತಾಗಿ ಉರುಳಿಸಿದ. ಜಕ್ಕೂರಿನ ಹಾಲಿನವನ ಕೊಟ್ಟಿಗೆಯಿಂದ ಸ್ಕೂಟರಿನಲ್ಲಿ ಸಗಣಿ ತಂದು ಕದಡಿ ಬಳಿದ. ಮೇಲಿನ ಮನೆಯ ಬಾಡಿಗೆಯವರು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಚಿತ್ರ ಹಿಡಿದರು, ಹಿಡಿಯಲಿ. ಬೆನ್ನು ಮುರಿದಂತೆ ನೋಯುತ್ತಿತ್ತು. ಸಂಜೆ ನೆಲ ಒಣಗುತ್ತ ಬಂದಾಗ ಕೈಯಾಡಿಸಿದರೆ ಒಂದೇ ಒಂದು ನೆರಿಗೆ ಇರಲಿಲ್ಲ. ಅವನಿಗೆ ಅಳು ಬಂತು, ಸಂತೋಷಕ್ಕೆ.

ಯಾಕೆಂದರೆ ಅವನು ಹುಡುಗನಾಗಿದ್ದಾಗ ಮಾಡಿದ ಕಣ ಬಿರಿದಿತ್ತು. ಆ ವರ್ಷ ಅಪ್ಪ ಮೊದಲ ಸಲ ಅವನ ಕೈಗೆ ಕೆಲಸ ಬಿಟ್ಟಿದ್ದ, ಅವನು ಅವಸರ ಮಾಡಿದ್ದ. ರಾಗಿ ಬಡಿಯುವ ದಿನ ಕೂಲಿಯವರೆಲ್ಲ ನೆರೆದಾಗ ನೆಲದ ನಡುವೆ ಹಾವಿನ ಹಾಗೆ ಒಂದು ಬಿರುಕು ಬಾಯಿ ತೆರೆದುಕೊಂಡಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣದ ಹೊರಗೆ ಚಪ್ಪಲಿ ಬಿಟ್ಟು ಬಂದು, ಕುಕ್ಕರುಗಾಲಲ್ಲಿ ಕೂತು, ಕಡ್ಡಿಯೊಂದರಿಂದ ಬಿರುಕಿನೊಳಗಿನ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಗೆ ಹಾಕಿಕೊಂಡ. ಎಲ್ಲರೂ ನೋಡುತ್ತ ನಿಂತರು. ಆಮೇಲೆ ಮಗನ ಮುಖ ನೋಡದೆ, 'ಇವ್ನ ಕೈಗೆ ಮಣ್ಣು ಅತ್ತಾಕಿಲ್ಲ' ಎಂದು ಆಳು ಚಿಕ್ಕಬೈರಪ್ಪನನ್ನು ಕರೆದು ಹೊಸದಾಗಿ ಮಾಡಿಸಿದ. ತನ್ನ ಕಾಲಲ್ಲಿ ಚಪ್ಪಲಿಯಿದ್ದದ್ದು ಅನಂತರಾಜುವಿಗೆ ಆಗ ಕಾಣಿಸಿತು. ಬರಿಗಾಲಲ್ಲೇ ಹತ್ತಬೇಕಾದ ಕಣದ ಮೇಲೆ ಚಪ್ಪಲಿ ಮೆಟ್ಟಿ ನಿಂತಿದ್ದ! ಅದಕ್ಕೂ ಅಪ್ಪ ಏನೂ ಅನ್ನಲಿಲ್ಲ. ಅದು ಕಣವೇ ಅಲ್ಲ, ಅದರ ಮೇಲೆ ಹೇಗೆ ನಿಂತರೇನು ಎನ್ನುವ ಹಾಗೆ ಹೋದ. ಆಮೇಲೆ ಅನಂತರಾಜು ಮನೆ ಕಟ್ಟಿಸಿದ, ಪಂಚಾಯ್ತಿಗೆ ನಿಂತು ಸೋತ, ಕಾರು ಕೊಂಡ. ಅಪ್ಪನಿಂದ ಒಂದೂ ಮಾತಿಲ್ಲ. ಸಗಣಿ ಮೆತ್ತಿದ ಕೈಯಲ್ಲಿ ಆ ಸಂಜೆ ನಿಂತವನಿಗೆ, ಅಪ್ಪನನ್ನು ಈಗಲೇ ಕಾರಿನಲ್ಲಿ ಕರೆತಂದು ತೋರಿಸಿಬಿಡಲೇ ಅನಿಸಿತ್ತು. ಮಾರನೇ ದಿನ ಮುಜಫ್ಫರ್ ಬಂದ. 'ಸೂಪರ್ ಬೇಸ್ ಸಾರ್, ಗಾಜಿದ್ದಂಗಿದೆ' ಎಂದು ಹಸಿರು ಸುರುಳಿ ಬಿಚ್ಚಿ ಎಲ್ಲವನ್ನೂ ಮುಚ್ಚಿಬಿಟ್ಟ.

ಕಣ ಅಂದರೆ ನೀರು ಕುಡಿಯದ ನೆಲ. ಹನಿಯೂ ಇಳಿಯಬಾರದೆಂದೇ ಅಷ್ಟು ಬಡಿಯುವುದು, ಬಳಿಯುವುದು. ಈ ಸಂಗತಿ ಅನಂತರಾಜುವಿಗೆ ಆ ದಿನಗಳಲ್ಲಿ ಗೊತ್ತಿರಲಿಲ್ಲವೇ? ಕೈಗೆ ಗೊತ್ತಿತ್ತು. ತಲೆ ಕೇಳಲಿಲ್ಲ, ಅಷ್ಟೆ. ಮೇ ತಿಂಗಳ ಮಳೆ ಪ್ಲಾಸ್ಟಿಕ್ಕಿನ ತೂತುಗಳಿಂದ ಇಳಿದು ಕಣದ ಮೇಲೆ ಹಾಗೇ ನಿಂತಿತು. ಸಗಣಿ ನೆನೆದು ಕೊಳೆಯಿತು. ಮೊದಲ ನಾತ ಬಂದಾಗ ಪದ್ಮಶ್ರೀ ಸಾಕಿದ ನಾಯಿಯ ಮೇಲೆ ತಪ್ಪು ಹೊರಿಸಿದಳು. ಬ್ರೂನೋ ಆ ಹುಲ್ಲಿನ ಮೇಲೆ ಕಾಲಿಡಲೂ ಹೇಸುತ್ತಿತ್ತು, ಅಂಚಿನಲ್ಲೇ ನಿಂತು ಬಾಲ ಮುದುಡುತ್ತಿತ್ತು. ಆದರೂ ಅದನ್ನು ಅಮೃತಹಳ್ಳಿಗೆ ಅವನ ತಂಗಿಯ ಮನೆಗೆ ಸಾಗಿಸಿದ್ದಾಯಿತು. ಕಾರಿನ ಹಿಂದಿನ ಗಾಜಿನಲ್ಲಿ ನಾಯಿ ಮನೆಯನ್ನೇ ನೋಡುತ್ತ ಹೋಯಿತು. ನಾತ ಹೋಗಲಿಲ್ಲ. ಫಿನಾಯಿಲ್ ಸುರಿದರು, ವಿನಿಗರ್ ಸಿಂಪಡಿಸಿದರು, ಗುಲಾಬಿ ವಾಸನೆಯದೊಂದು ಡಬ್ಬಿ ತಂದು ಹೊಡೆದರು. ಗುಲಾಬಿಯೂ ಉಚ್ಚೆಯೂ ಕೂಡಿದ ಹೊಸ ನಾತವೊಂದು ಮೂರನೇ ಮಹಡಿಗೂ ಹತ್ತಿತು. ಬಾಡಿಗೆಯವರ ಹುಡುಗಿ ಲಿಫ್ಟಿನಲ್ಲಿ ಅವನನ್ನು ಕಂಡು ದುಪಟ್ಟಾವನ್ನು ಮೂಗಿಗೆ ಏರಿಸಿಕೊಂಡಳು. ಅವನಿಗೆ ಆಗಿದ್ದು ಕೋಪವಲ್ಲ. ಅವಳು ಸರಿಯಾಗಿಯೇ ಮೂಸಿದಳು ಅನಿಸಿತು.

ಆಮೇಲೆ ಅಪ್ಪ ಸಿಕ್ಕಿಬಿದ್ದ. ಊಟದ ಹೊತ್ತು. ಮುದ್ದೆ ಮುರಿದು ಸಾರಿಗೆ ಅದ್ದಿದ್ದ ಅನಂತರಾಜುವಿನ ತಟ್ಟೆಯ ಪಕ್ಕಕ್ಕೆ ಪದ್ಮಶ್ರೀ ಫೋನು ಇಟ್ಟಳು. ಗೇಟಿನ ಕ್ಯಾಮೆರಾ ಹಿಡಿದ ಚಿತ್ರ. ಬೆಳಗಿನ ಜಾವದ ಮಸಕಿನಲ್ಲಿ ಮುನಿಶಾಮಪ್ಪ ಜಗಲಿ ಇಳಿದು, ಹೊಂಗೆಮರ ಇದ್ದ ಮೂಲೆಗೆ ನಡೆದು, ಪಂಚೆ ಎತ್ತಿ, ಗೋಡೆಗೆ ಒಂದು ಕೈ ಕೊಟ್ಟು ನಿಂತ. ಎಷ್ಟು ಹೊತ್ತಾದರೂ ಮುಗಿಯದು. ಮುದುಕನ ತೊಡೆ ಸೊರಗಿ ಚರ್ಮ ಜೋತಿತ್ತು. ನೋಡಬಾರದ್ದನ್ನು ಊಟದ ಮುಂದೆ ನೋಡಿಸಿದಳಲ್ಲ ಎಂದು ಅವನಿಗೆ ಹೆಂಡತಿಯ ಮೇಲೆ ರೇಗಿತು. ಅದಕ್ಕಿಂತ ಹೆಚ್ಚಾಗಿ, ಆ ತೊಡೆ ನೋಡಿ ತನಗೆ ಓಕರಿಕೆ ಬಂತಲ್ಲ ಎಂದು ತನ್ನ ಮೇಲೆ. 'ದಿನಾ ಹಿಂಗೇ ಕಣ್ರೀ. ಒಳಗೆ ಎರಡ್ ಬಾತ್‌ರೂಮ್ ಇದೆ' ಎಂದಳು ಪದ್ಮಶ್ರೀ, ಅಳುವಂಥ ದನಿಯಲ್ಲಿ. 'ನಂಗೆ ಮನೆಗೆ ಯಾರನ್ನೂ ಕರಿಯಕ್ಕಾಗ್ತಿಲ್ಲ. ನನ್ ಸೀರೆಯೆಲ್ಲಾ ನಾತ.' ಆಗ ಹೇಳಬಹುದಿತ್ತು. ಅಪ್ಪ ಹುಟ್ಟಿದಾಗಿನಿಂದ ಆ ಮೂಲೆಯಲ್ಲೇ ಹೊಯ್ಯುತ್ತಿದ್ದಾನೆ, ಹೊಂಗೆಯ ಬೇರು ಸಡಿಲಿಸಿದ ಮಣ್ಣು ಅದನ್ನು ಕುಡಿದು ಸುಮ್ಮನಿರುತ್ತಿತ್ತು, ಅದರ ಬಾಯಿ ಮುಚ್ಚಿದವನು ನಾನು ಎನ್ನಬಹುದಿತ್ತು. ಆದರೆ ಅದನ್ನು ಹೇಳಿದರೆ, ಬದುಕಿನಲ್ಲಿ ತಾನು ಸರಿಯಾಗಿ ಮಾಡಿದ ಒಂದೇ ಒಂದು ಕೆಲಸವನ್ನು ಗುದ್ದಲಿ ಹಾಕಿ ಒಡೆಯುತ್ತಾರೆ. ಅವನು ತುತ್ತನ್ನು ನುಂಗಿ, 'ಏನಾದ್ರೂ ಮಾಡಣ' ಎಂದ.

ಈಗ ಅವನು ಜಗಲಿಗೆ ಬಂದು ಅಪ್ಪನ ಪಕ್ಕ ನಿಂತ. ಕೂರಲಿಲ್ಲ. ಕೂತರೆ ವಾಸನೆ ಬರುತ್ತದೆಂದು ಮೂಗು ಮೊದಲೇ ಹಿಂದೆಗೆಯಿತು. ಅಪ್ಪನ ಮೈಯಿಂದ ಬಂದದ್ದು ಬರೀ ಪೌಡರಿನ ವಾಸನೆ. ಪದ್ಮಶ್ರೀ ಡಬ್ಬಿಗಟ್ಟಲೆ ಸುರಿದಿದ್ದಳು. ಮುದುಕ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಬಿಡುತ್ತ ಕೂತಿದ್ದ.

'ಕಾರು ಇನ್ನೂ ಬರ್ನಿಲ್ವೇನ್ಲಾ?'

'ಬರುತ್ತಪ್ಪ.'

'ನನ್ ನಾತ ನಂಗೇ ತಿಳಿಯಾಕಿಲ್ಲ ಕಣ್ಲಾ. ವಯಸ್ಸಾಯ್ತು' ಎಂದ ಅಪ್ಪ, ಕ್ಷಮೆ ಕೇಳುವವನ ಹಾಗೆ. ಆಮೇಲೆ ಹಸಿರನ್ನು ನೋಡುತ್ತ, 'ಒಂದ್ ಮಾತು. ಮೊದ್ಲು ಮಣ್ಣೇ ಕುಡ್ಕೊಂಬುಡ್ತಿತ್ತು. ಈಗ್ಯಾಕ್ ಕುಡಿಯಾಕಿಲ್ಲ?' ಎಂದು ಕೇಳಿದ.

ಅದರಲ್ಲಿ ಆರೋಪವಿರಲಿಲ್ಲ. ಮಳೆ ಯಾಕೆ ತಡವಾಯಿತು ಎಂದು ಕೇಳುವವನಂತೆ ಕೇಳಿದ್ದ. ಆಪರೇಷನ್ ಆದ ಮೇಲೆ ಅವನ ಕಣ್ಣು ತಿಳಿಯಾಗಿತ್ತು, ಮಗುವಿನದರ ಹಾಗೆ. ಅನಂತರಾಜು ಆ ಕಣ್ಣನ್ನು ತಪ್ಪಿಸಿ ಗೇಟಿನ ಕಡೆ ನೋಡಿದ. ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಯಾರೋ ತಿವಿಯುತ್ತಿದ್ದರು. 'ಪ್ಲಾಸ್ಟಿಕ್ಕಲ್ವೇನಪ್ಪ' ಎಂದ. ಸುಳ್ಳಲ್ಲ ಅದು, ಅದಕ್ಕೇ ಇನ್ನಷ್ಟು ಹೊಲಸಾಗಿ ಕೇಳಿಸಿತು. ಅಷ್ಟರಲ್ಲಿ ಮುಜಫ್ಫರನ ಗಾಡಿ ಬಂತು, ಅದರ ಹಿಂದೆಯೇ ಬಿಳಿ ಕಾರೂ ಬಂತು. ಕಾರಿನ ಡ್ರೈವರ್ ಇಳಿದವನು ಒಂದುಸಿರು ಎಳೆದುಕೊಂಡು ಮತ್ತೆ ಒಳಗೆ ಕೂತು ಗಾಜು ಏರಿಸಿದ.

ಮುಜಫ್ಫರನ ಇಬ್ಬರು ಆಳುಗಳು ಗಂಬೂಟು ಹಾಕಿಕೊಂಡು ಮೂಲೆಯಿಂದ ಹುಲ್ಲನ್ನು ಎತ್ತಿದರು. ಅದು ಗಾಯದ ಪಟ್ಟಿ ಕಿತ್ತಂತೆ ಚರ್ರೆಂದು ಬಿಟ್ಟುಕೊಂಡಿತು. ನಾತ ಎದೆಗೆ ಗುದ್ದಿತು. ಮೇಲಿನ ಮಹಡಿಗಳ ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಅಡಿಯಲ್ಲಿ ಬೆರಳು ದಪ್ಪದ ಕರಿ ಲೋಳೆ, ಅದರ ಮೇಲೆ ಬಣ್ಣಬಣ್ಣದ ಎಣ್ಣೆಯಂಥ ಪೊರೆ, ಬೆಳಕಿಗೆ ಬೆದರಿ ಹೊರಳುವ ಬಿಳಿ ಹುಳುಗಳು. 'ಯಾ ಅಲ್ಲಾ' ಎಂದು ಮುಜಫ್ಫರ್ ಕರವಸ್ತ್ರ ಕಟ್ಟಿಕೊಂಡ. ಮೆಟ್ಟಿಲ ಮೇಲೆ ಬಂದು ನಿಂತಿದ್ದ ಪದ್ಮಶ್ರೀ ಸೆರಗು ಮುಖಕ್ಕೆ ಒತ್ತಿಕೊಂಡು ತಿರುಗಿದಳು. ಅನಂತರಾಜುವಿಗೆ ಮಾತ್ರ ಅದರ ಮೇಲಿಂದ ಕಣ್ಣು ಕೀಳಲು ಆಗಲಿಲ್ಲ. ಆಳೊಬ್ಬ ಪೈಪು ಹಿಡಿದು ನೀರು ಬಿಟ್ಟ. ಲೋಳೆ ಜರುಗಿತು, ಹುಳು ತೇಲಿಹೋದವು. ಅದರ ಕೆಳಗಿಂದ ನೆಲ ಮೇಲೆದ್ದು ಬಂತು, ಅಗಲವಾಗಿ, ನುಣುಪಾಗಿ, ಒಂದೇ ಹಲಗೆಯ ಹಾಗೆ. ಮುಜಫ್ಫರ್ ಅಂಚಿನಿಂದಲೇ ಹಾರೆಯ ತುದಿ ಊರಿ ನೋಡಿದ. ನಾಟಲಿಲ್ಲ, ಜಾರಿತು. ಇಡೀ ಮಳೆಗಾಲ ಮೈಮೇಲೆ ನಿಂತರೂ ಅದು ಬಿಟ್ಟುಕೊಟ್ಟಿರಲಿಲ್ಲ.

ಮುನಿಶಾಮಪ್ಪ ಬ್ಯಾಗನ್ನು ಅಲ್ಲೇ ಬಿಟ್ಟು ಎದ್ದ. ಜಗಲಿಯಿಂದಿಳಿದು ಅಂಚಿನ ತನಕ ಬಂದು, ಕುತ್ತಿಗೆ ಚಾಚಿ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು, ಒಂದು ಕಾಲು, ಇನ್ನೊಂದು ಕಾಲು, ಹೊಸ ಚಪ್ಪಲಿಗಳನ್ನು ಕಳಚಿ ಜೋಡಿಸಿಟ್ಟ. 'ಮಾವ, ಬೇಡ, ಹೊಲಸು' ಎಂದು ಪದ್ಮಶ್ರೀ ಕೂಗಿದಳು. ಅವನು ಬರಿಗಾಲಲ್ಲಿ ಹತ್ತಿ, ನಡುವಿಗೆ ಹೋಗಿ, ಪಂಚೆ ಮಡಚಿ ಕುಕ್ಕರುಗಾಲಲ್ಲಿ ಕೂತ. ಹೆಬ್ಬೆರಳಿನಿಂದ ನೆಲ ಉಜ್ಜಿದ.

'ಯಾರ್ಲಾ ಮಾಡಿದ್ದು?'

'ನಾನೇ ಕಣಪ್ಪ.'

'ರೋಣಗಲ್ಲು ಯಾರ್ ಎಳ್ದಿದ್ದು?'

'ನಾನೇ.'

ಅಪ್ಪ ಆ ಕೊನೆಯಿಂದ ಈ ಕೊನೆಯ ತನಕ ಕಣ್ಣಾಡಿಸಿದ. 'ಒಂದ್ ಬಿರುಕಿಲ್ಲ' ಎಂದ. 'ಒಂದ್ ಕಾಳು ಓಗಾಕಿಲ್ಲ ಇದ್ರಾಗೆ. ಚೆಂದಾಕ್ ಮಾಡಿದ್ದೀಯ ಕಣ್ಲಾ.'

ಆ ನಾತದ ನಡುವೆ ಅನಂತರಾಜುವಿನ ಎದೆ ಹಿಗ್ಗಿತು. ನಾಚಿಕೆಯಿಲ್ಲದೆ ಹಿಗ್ಗಿತು. ಕಾರು ಗೇಟಿನಲ್ಲಿ ಕಾಯುತ್ತಿರುವಾಗಲೇ, ಅವನಿಗೆ ಅಂದಿನ ಕೂಲಿಯವರನ್ನೆಲ್ಲ ಕರೆದು, ಕೇಳಿಸಿಕೊಂಡಿರೇ, ಎಂದು ಕೂಗಬೇಕೆನಿಸಿತು. ಆ ಕೂಲಿಯವರೆಲ್ಲ ಸತ್ತುಹೋಗಿದ್ದರು. ಕೇಳಿಸಿಕೊಂಡವಳು ಪದ್ಮಶ್ರೀ.

'ರೀ, ಏನಿದು? ಜಲ್ಲಿ ಹಾಕ್ಸಿಲ್ವಾ?' ಅವಳು ಸೆರಗು ತೆಗೆದಿದ್ದಳು. ಮುಜಫ್ಫರ್ ಅವಸರವಾಗಿ, 'ನಾನ್ ಹೇಳಿದ್ದೆ ಮೇಡಂ, ನೀರ್ ಹೋಗಕ್ಕೆ ದಾರಿ ಬೇಕು ಅಂತ. ಸಾರೇ ನಾನ್ ಮಾಡ್ತೀನಿ ಅಂದ್ರು' ಎಂದ. ಅವಳು ನೆಲ ನೋಡಿದಳು, ಗಂಡನನ್ನು ನೋಡಿದಳು. ಅವಳು ದಡ್ಡಿಯಲ್ಲ. 'ಹಂಗಾದ್ರೆ ಮಾವನಿಂದಲ್ಲ ಇದು. ನಿಮಗ್ ಗೊತ್ತಿತ್ತು. ಗೊತ್ತಿದ್ದೂ ಬ್ಯಾಗ್ ತುಂಬ್ಸುದ್ರಿ ನನ್ ಕೈಲಿ.' ಅವಳು ಅಸಹ್ಯಪಟ್ಟು ನೋಡಿದ ರೀತಿಯಲ್ಲಿ ಲೋಳೆಗೂ ಅವನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. 'ಕಾರ್ ವಾಪಸ್ ಕಳ್ಸಿ. ಮಾವ, ಬನ್ನಿ ಈಚೆ, ಕಾಲ್ ತೊಳ್ಕೊಳ್ಳಿ. ಎಲ್ಲೂ ಹೋಗ್ಬೇಡಿ' ಎಂದಳು.

ಮುನಿಶಾಮಪ್ಪನಿಗೆ ಕೇಳಿಸಲಿಲ್ಲ. ಅವನು ಹೆಬ್ಬೆರಳನ್ನು ಮೂಗಿನ ಹತ್ತಿರ ತಂದಿದ್ದ. ಒಮ್ಮೆ ಮೂಸಿದ, ಇನ್ನೊಮ್ಮೆ ಮೂಸಿದ. ನಿಧಾನಕ್ಕೆ ತಲೆ ತಿರುಗಿಸಿ ಮೂಲೆಯನ್ನು ನೋಡಿದ. ಅಲ್ಲಿ ಗೋಡೆಯ ಬುಡದಲ್ಲಿ ಲೋಳೆ ಎಲ್ಲಕ್ಕಿಂತ ದಪ್ಪವಾಗಿ, ಹಳದಿಗಟ್ಟಿ ನಿಂತಿತ್ತು. ಅವನ ಮುಖದ ಮೇಲಿದ್ದ ಮೆಚ್ಚುಗೆ ಇಳಿದುಹೋಗುವುದನ್ನು ಅನಂತರಾಜು ನೋಡಿದ.

'ಇದ್ರ ಮ್ಯಾಲಾ?' ಎಂದ ಅಪ್ಪ. 'ದಿನಾ ನಾನು ಇದ್ರ ಮ್ಯಾಲಾ?'

'ಅಪ್ಪ, ನಿಂಗೊತ್ತಿರ್ಲಿಲ್ಲ, ಅದು...'

'ಚಾಪೆ ಅನ್ಕಂಡಿದ್ದೆ ಕಣ್ಲಾ ನಾನು. ಪಿಲಾಸ್ಟಿಕ್ ಚಾಪೆ. ಏಳ್ಬಾರ್ದೇನ್ಲಾ? ತಳಕ್ಕೆ ಕಣ ಐತೆ ಅಂತ ಒಂದ್ ಮಾತು ಏಳಿದ್ರೆ ಉಯ್ತಿದ್ನಾ ನಾನು? ಕಣದ್ ಮ್ಯಾಲೆ ಉಯ್ಯಂಥವ್ನಾ?' ಮುದುಕ ಎರಡೂ ಕೈಯಿಂದ ಕೆನ್ನೆ ಕೆನ್ನೆ ಬಡಿದುಕೊಂಡ. ಕರಿ ಬೆರಳಿನ ಗುರುತು ಪೌಡರಿನ ಮೇಲೆ ಮೂಡಿತು. ಬಗ್ಗಿ ಆ ಹೊಲಸು ನೆಲವನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡ. ಎದ್ದು, ಚಪ್ಪಲಿಯನ್ನು ಮೆಟ್ಟದೆ ಕೈಯಲ್ಲಿ ಹಿಡಿದು, ಬ್ಯಾಗು ತೆಗೆದುಕೊಂಡು ಗೇಟಿನ ಕಡೆ ನಡೆದ.

ಪದ್ಮಶ್ರೀ ಓಡಿಹೋಗಿ ತೋಳು ಹಿಡಿದಳು. 'ಮಾವ, ನಿಮ್ ತಪ್ಪಲ್ಲ ಅಂತಿದೀನಲ್ಲ. ಒಳಗ್ ಬನ್ನಿ.' 'ಬ್ಯಾಡ ಕಣವ್ವ. ಇಷ್ಟು ದಿನ ನೀವೆಲ್ಲಾ ಮೂಗು ಮುಚ್ಕಂಡಾಗ ಸುಮ್ನೆ ಅಂತೀರಿ ಅನ್ಕಂಡಿದ್ದೆ, ದಿಟವಾಗ್ಲೂ ನಂದೇ ತಪ್ಪು' ಎಂದು ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ತಾನೇ ಬಾಗಿಲು ತೆಗೆದು ಕಾರಿನಲ್ಲಿ ಕೂತ. ಮಗನನ್ನು ನೋಡಲಿಲ್ಲ. ಕಣ ಬಿರಿದ ದಿನವೂ ಹೀಗೇ ನೋಡದೆ ಹೋಗಿದ್ದ. ಆಗ ಅದು ತಿರಸ್ಕಾರ. ಈಗ ಮುಖ ತೋರಿಸಲು ಅವನಿಗೇ ನಾಚಿಕೆ. ಅನಂತರಾಜು ಓಡಿಹೋಗಿ ಆ ಬಾಗಿಲು ತೆಗೆಯಬೇಕಿತ್ತು. ಹೋಗಲಿಲ್ಲ. ಡ್ರೈವರ್ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕಾರನ್ನು ಹಿಂದೆ ತೆಗೆದ. ಕಾರಿನ ಹಿಂದಿನ ಗಾಜಿನಲ್ಲಿ ಬಿಳಿ ಶರಟು, ಬಗ್ಗಿದ ಕುತ್ತಿಗೆ ಕಂಡವು. ನಾಯಿಯಾದರೂ ತಿರುಗಿ ನೋಡಿತ್ತು.

ಪದ್ಮಶ್ರೀ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾತ ಹಾಗೇ ಇತ್ತು. ಮುಜಫ್ಫರ್ ಗಡ್ಡ ಕೆರೆದುಕೊಂಡು, ತನ್ನ ಕೆಲಸ ನೆನಪಾದವನಂತೆ ಕೆಮ್ಮಿ, 'ಏನ್ ಮಾಡಣ ಸಾರ್? ಇದನ್ನ ಪೂರ್ತಿ ಒಡ್ದು ತೆಗೀಲೇಬೇಕು' ಎಂದ. ಅನಂತರಾಜು ತಲೆಯಾಡಿಸಿದ. ಆಳು ಹಾರೆ ಎತ್ತಿಕೊಂಡು, ಗಂಬೂಟಿನ ಕಾಲನ್ನು ಅಂಚಿನ ಮೇಲೆ ಇಡಲು ಹೋದ.

'ಬೂಟು ಬಿಚ್ಚಿ ಹತ್ತಯ್ಯ' ಎಂದ ಅನಂತರಾಜು.